ಎರಡು ಸಿಂಕ್, ಒಂದು ಒಲೆ: ಕೋಷರ್ ಅಡುಗೆಮನೆ ಹೇಗೆ ಜೋಡಿಸೋದು?

ಹೋದ ತಿಂಗಳು ಬೆಂಗಳೂರಿನಿಂದ ಅಕ್ಕನ ಮಗ ಫೋನ್ ಮಾಡಿದ್ದ. ಅಮೆರಿಕದ ಮನೆಗಳಿಗೆ ಕಿಚನ್ ಡ್ರಾಯಿಂಗ್ ಮಾಡಿಕೊಡುವ ಆಫೀಸೊಂದಕ್ಕೆ ಸೇರಿ ಅವನಿಗೆ ಎಂಟು ತಿಂಗಳು. "ಚಿಕ್ಕಮ್ಮಾ, ನಿಮ್ಮ ನ್ಯೂಜೆರ್ಸಿಯದೇ ಒಂದು ಮನೆ ಬಂದಿದೆ. ಗಂಡ, ಹೆಂಡತಿ, ಮೂರು ಮಕ್ಕಳು, ಅಷ್ಟೇ. ಎರಡು ಸಿಂಕ್, ಎರಡು ಡಿಶ್‌ವಾಷರ್, ಎರಡು ಓವನ್ ಅಂತ ಬರೆದಿದ್ದಾರೆ. ತಪ್ಪಿ ಎರಡೆರಡು ಸಲ ಟೈಪ್ ಆಗಿದೆಯಾ?"

ತಪ್ಪಾಗಿಲ್ಲ ಕಣೋ, ಅದು ಕೋಷರ್ ಮನೆ, ಅಂದರೆ ಯಹೂದಿಗಳ ಊಟದ ನಿಯಮ ಪಾಲಿಸುವ ಮನೆ ಅಂದೆ. ಅವತ್ತು ಫೋನಿನಲ್ಲಿ ಹೇಳಿದ್ದು ಅರ್ಧಂಬರ್ಧ ಆಯಿತು. ಅದನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಇಂಥ ಡ್ರಾಯಿಂಗ್ ಮಾಡುವ ಹುಡುಗರು, ಹುಡುಗಿಯರು ಬೆಂಗಳೂರಲ್ಲಿ ಬೇಕಾದಷ್ಟಿದ್ದಾರೆ. ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿರುವ ಮಂಗಳೂರು, ಉಡುಪಿ ಕಡೆಯವರೂ ಇದ್ದಾರೆ. ಅವರಲ್ಲಿ ಹಲವರು ದಿನಾ ನಿಂತು ಕೆಲಸ ಮಾಡುವುದೇ ಇಂಥ ಅಡುಗೆಮನೆಯಲ್ಲಿ. ನಾನು ನ್ಯೂಜೆರ್ಸಿಯಲ್ಲಿ ಹನ್ನೆರಡು ವರ್ಷದಿಂದ ಕ್ಯಾಬಿನೆಟ್ ಕೆಲಸದಲ್ಲಿದ್ದೇನೆ. ಟೀನೆಕ್, ಪಸೇಯಿಕ್, ಲೇಕ್‌ವುಡ್ ಕಡೆ ಯಹೂದಿ ಮನೆಗಳು ಜಾಸ್ತಿ. ಹಾಗಾಗಿ ಈ ಪಾಠ ಕಲಿತದ್ದು ಪುಸ್ತಕದಿಂದಲ್ಲ, ಬೈಸಿಕೊಂಡು.

ಮೊದಲು ನಿಯಮ. ಯಹೂದಿಗಳ ಧರ್ಮಗ್ರಂಥ ಟೋರಾದಲ್ಲಿ ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಅನ್ನುವ ಮಾತು ಮೂರು ಕಡೆ ಬರುತ್ತದೆ. ಎರಡೆರಡು ಸಿಂಕಿನ ಕಥೆಯೆಲ್ಲ ಬೆಳೆದದ್ದು ಅಲ್ಲಿಂದ. ಮಾಂಸ, ಹಾಲು ಒಟ್ಟಿಗೆ ಬೇಯಬಾರದು, ಒಟ್ಟಿಗೆ ತಿನ್ನಬಾರದು, ಒಂದೇ ಪಾತ್ರೆ ಎರಡಕ್ಕೂ ಬಳಸಬಾರದು. ಮಾಂಸ ತಿಂದ ಮೇಲೆ ಹಾಲಿನ ಪದಾರ್ಥ ಮುಟ್ಟಲು ಹೆಚ್ಚಿನವರು 6 ಗಂಟೆ ಕಾಯುತ್ತಾರೆ. ಜರ್ಮನಿ ಮೂಲದವರಲ್ಲಿ 3 ಗಂಟೆ, ಹಾಲೆಂಡ್ ಮೂಲದವರಲ್ಲಿ 1 ಗಂಟೆಯ ರೂಢಿಯೂ ಇದೆ. ಮಾಂಸದ ಕಡೆಯದಕ್ಕೆ ಯಿಡ್ಡಿಷ್ ಭಾಷೆಯಲ್ಲಿ ಫ್ಲೇಷಿಗ್ ಅನ್ನುತ್ತಾರೆ, ಹಾಲಿನ ಕಡೆಯದಕ್ಕೆ ಮಿಲ್ಖಿಗ್. ಇಸ್ರೇಲಿನಲ್ಲಿ ಬಸಾರಿ, ಹಲಾವಿ. ಎರಡೂ ಅಲ್ಲದ ತರಕಾರಿ, ಅಕ್ಕಿ, ಬೇಳೆ, ಮೊಟ್ಟೆ, ಮೀನು ಎಲ್ಲ ಪಾರ್ವ್. ಮೀನು ಪಾರ್ವ್ ಆದರೂ ಮಾಂಸದ ಜೊತೆ ಒಂದೇ ತಟ್ಟೆಯಲ್ಲಿ ಬಡಿಸುವುದಿಲ್ಲ. ಅದು ಬೇರೆ ಕಥೆ.

ನಮ್ಮ ಅಜ್ಜಿಗೆ ಇದು ಒಂದೇ ನಿಮಿಷದಲ್ಲಿ ಅರ್ಥವಾಗುತ್ತಿತ್ತು. ಅನ್ನ ಮುಟ್ಟಿದ ಕೈ ಮೊಸರಿನ ಗಡಿಗೆಯ ಕಡೆ ಹೋದರೆ ಸಾಕು, ಒಳಗಿನಿಂದಲೇ "ಮುಸುರೆ ಕೈ!" ಅಂತ ಕೂಗು ಬರುತ್ತಿತ್ತು. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಮುಸುರೆ ನೀರಿಗೆ ಹೋಗುತ್ತದೆ. ಕೈ ತೊಳೆದರೆ ಮುಗಿಯಿತು. ಕೋಷರ್ ಲೆಕ್ಕದಲ್ಲಿ ಬಿಸಿ ಪದಾರ್ಥದ ರುಚಿ ಪಾತ್ರೆಯ ಒಳಗೇ ಇಳಿಯುತ್ತದೆ. ಬಿಸಿ ಅಂದರೆ ಕೈ ಇಟ್ಟರೆ ತಟ್ಟನೆ ಹಿಂದೆಳೆದುಕೊಳ್ಳುವಷ್ಟು. ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ಅಂತ ಹಿಡಿಯುತ್ತಾರೆ. ಒಳಗಿಳಿದ ರುಚಿ ಸೋಪು ನೀರಿಗೆ ಬರುವುದಿಲ್ಲ. ಲೋಹದ ಪಾತ್ರೆಯಾದರೆ ಕುದಿಯುವ ನೀರಲ್ಲಿ ಮುಳುಗಿಸಿಯೋ ಬೆಂಕಿಯಲ್ಲಿ ಕಾಯಿಸಿಯೋ ಸರಿಮಾಡಬಹುದು. ಮಣ್ಣಿನ ಪಾತ್ರೆ, ಪಿಂಗಾಣಿಗೆ ಆ ದಾರಿಯಿಲ್ಲ. ಅಜ್ಜಿಯ ಮನೆಯಲ್ಲೂ ಹಿತ್ತಾಳೆಗೆ ಹುಣಸೆಹುಳಿ, ಮೈಲಿಗೆಯಾದ ಮಡಕೆ ಹಿತ್ತಿಲಿಗೆ. ಅಲ್ಲಿಗೆ ಎರಡೂ ಅಡುಗೆಮನೆ ಮತ್ತೆ ಒಂದಾಗುತ್ತವೆ.

ಡ್ರಾಯಿಂಗ್ ಮಾಡುವವರು ನೆನಪಿಡಬೇಕಾದದ್ದು ಇಷ್ಟೇ: ಬಿಸಿಯಾಗುವ ಜಾಗ, ಒದ್ದೆಯಾಗುವ ಜಾಗ ಎಲ್ಲಿದೆ ನೋಡಿ. ಅಲ್ಲಿ ದುಡ್ಡು ಹಾಕಿ. ತಣ್ಣಗೆ, ಒಣಗಿಕೊಂಡು ಇರೋದನ್ನು ಎರಡೂ ಕಡೆಯವರು ಹಂಚಿಕೊಳ್ಳಬಹುದು. ಹೊಸಬರು ಎಲ್ಲವನ್ನೂ ಎರಡೆರಡು ಮಾಡಲು ಹೊರಡುತ್ತಾರೆ. ಜಾಗವೂ ಹಾಳು, ದುಡ್ಡೂ ಹಾಳು.

ಒಂದು ಸಿಂಕೋ, ಎರಡೋ, ಒಂದೂವರೆಯೋ?

ನನ್ನ ಮೊದಲ ಕೋಷರ್ ಕೆಲಸ. ಎರಡು ಸಿಂಕ್ ಬೇಕು ಅಂದಿದ್ದರು. ಜಾಗ ಉಳಿಸೋಣ ಅಂತ ಬುದ್ಧಿವಂತಿಕೆ ತೋರಿಸಿ 33 ಇಂಚಿನ ಒಂದೇ ಸಿಂಕ್ ಹಾಕಿಸಿದೆ. ಮಧ್ಯೆ ಅಡ್ಡಗೋಡೆ, ಎರಡು ಗುಂಡಿ, ನಡುವೆ ಒಂದು ನಲ್ಲಿ. ಕೆಲಸ ಮುಗಿದ ದಿನ ಆ ಮನೆಯ ಅತ್ತೆ ಬಂದರು. ನಲ್ಲಿಯ ಕತ್ತು ಹಿಡಿದು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಮತ್ತೆ ಎಡಕ್ಕೆ. ಆಮೇಲೆ ನನ್ನ ಕಡೆ ನೋಡಿ ಮೆತ್ತಗೆ ಕೇಳಿದರು: "ಈ ನಲ್ಲಿ ಯಾವ ಕಡೆಯದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೋಳಿ ಸೂಪಿನ ಪಾತ್ರೆಯ ಜಿಡ್ಡು ಕೈ ಅದೇ ನಲ್ಲಿಯನ್ನು ಹಾಲಿನ ಕಡೆಗೆ ಎಳೆಯುತ್ತದೆ. ಅಡ್ಡಗೋಡೆ ಗಿಡ್ಡ, ಆ ಕಡೆಯ ನೀರು ಈ ಕಡೆ ಹಾರುತ್ತದೆ. ಕೆಳಗೆ ಪೈಪು ಒಂದೇ, ಕಟ್ಟಿಕೊಂಡರೆ ಎಡಗಡೆಯ ಕೊಳೆನೀರು ಬಲಗಡೆಯ ಗುಂಡಿಯಲ್ಲಿ ಮೇಲೇಳುತ್ತದೆ. ಎರಡು ಗುಂಡಿ ಅಂದರೆ ಎರಡು ಸಿಂಕ್ ಅಲ್ಲ, ಆಯ್ತಾ? ಕೊನೆಗೆ ಕಲ್ಲಿಗೆ ಇನ್ನೊಂದು ತೂತು ಕೊರೆಸಿ ಬೇರೆ ಸಿಂಕ್ ಕೂರಿಸಿದೆವು. ಖರ್ಚು ನನ್ನದೇ.

ಹಾಗಾದರೆ ಆಯ್ಕೆಗಳೇನು? ಒಂದೇ ಸಿಂಕ್ ಇರುವ ಮನೆಯಲ್ಲೂ ಕೋಷರ್ ನಡೆಯುತ್ತದೆ. ನ್ಯೂಯಾರ್ಕಿನ ಬಾಡಿಗೆ ಫ್ಲಾಟುಗಳಲ್ಲಿ ಲಕ್ಷಣವಾಗಿ ನಡೆಸುತ್ತಿದ್ದಾರೆ. ಅಲ್ಲಿ ಸಿಂಕನ್ನು ಯಾವ ಕಡೆಯದೂ ಅಲ್ಲದ, ಮುಟ್ಟಿಸಬಾರದ ಜಾಗ ಅಂತ ಇಟ್ಟುಕೊಳ್ಳುತ್ತಾರೆ. ಮಾಂಸಕ್ಕೊಂದು ಟಬ್ಬು, ಹಾಲಿಗೊಂದು ಟಬ್ಬು, ಇಲ್ಲವೇ ಕಾಲಿರುವ ತಂತಿ ಜಾಲರಿ. ಪಾತ್ರೆ ಸಿಂಕಿನ ತಳ ಮುಟ್ಟಲೇಬಾರದು. ಇಂಥ ಮನೆಗೆ ನೀವು ಮಾಡಬಹುದಾದ ಉಪಕಾರ ಅಂದರೆ ಆಳವಾದ ಸಿಂಕ್ ಕೊಡುವುದು. 10 ಇಂಚಾದರೂ ಇರಲಿ. ಜಾಲರಿ ಒಂದೂವರೆ ಇಂಚು ತಿನ್ನುತ್ತದೆ. ಕಮ್ಮಿ ಆಳದ ಸಿಂಕಾದರೆ ಬೆಳಗ್ಗೆ ಎದ್ದರೆ ನೆಲ ಒರೆಸೋದೇ ಕೆಲಸ. ಆ ಟಬ್ಬುಗಳನ್ನು ಇಡುವುದಕ್ಕೂ ಸಿಂಕಿನ ಕೆಳಗೆ ಎರಡು ಬೇರೆ ಬೇರೆ ಜಾಗ ತೋರಿಸಿ. ಇದನ್ನು ಮರೆತರೆ ಒದ್ದೆ ಟಬ್ಬುಗಳು ವರ್ಷವಿಡೀ ಕಟ್ಟೆಯ ಮೇಲೇ ಕೂತಿರುತ್ತವೆ.

ಎರಡನೆಯದು ನಾನು ಒಂದೂವರೆ ಸಿಂಕ್ ಅನ್ನುವ ಏರ್ಪಾಡು. ಮಾಂಸಕ್ಕೆ 33 ಇಂಚಿನ ದೊಡ್ಡದು, ಹಾಲಿಗೆ 15 ರಿಂದ 18 ಇಂಚಿನ ಚಿಕ್ಕದು. ಹಾಲಿನ ಪಾತ್ರೆಗಳೇನು ಮಹಾ? ಕಾಫಿ ಲೋಟ, ಸೀರಿಯಲ್ ಬಟ್ಟಲು, ಒಂದು ಬಾಣಲೆ. ಮಧ್ಯಮ ಗಾತ್ರದ ಅಡುಗೆಮನೆಗೆ ನನ್ನ ಓಟು ಇದಕ್ಕೇ. ಮನೆಯಲ್ಲಿ ಪಾಸ್ತಾ, ಚೀಸ್ ಜಾಸ್ತಿ ಮಾಡುವವರಾದರೆ ಮಾತ್ರ ಬೇಡ. 15 ಇಂಚಿನ ಗುಂಡಿಯಲ್ಲಿ ಲಸಾನ್ಯ ಟ್ರೇ ತೊಳೆಯಲು ಆಗುವುದಿಲ್ಲ.

ಮೂರನೆಯದು ಎರಡು ಪೂರ್ತಿ ಸಿಂಕ್, ಎರಡು ನಲ್ಲಿ, ಎರಡರ ನಡುವೆ ಒಲೆಯೋ ಮೂಲೆಯೋ ಏನಾದರೂ ಅಡ್ಡ. ಜಾಗ ಇದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಇಸ್ರೇಲಿನ ಹೊಸ ಫ್ಲಾಟುಗಳಲ್ಲಿ ಎರಡು ಸಿಂಕ್ ತೀರಾ ಸಾಮಾನ್ಯ. ಯಾವ ಏರ್ಪಾಡಾದರೂ ಸ್ಟೀಲ್ ಸಿಂಕೇ ಹಾಕಿಸಿ. ಬಿಳಿ ಪಿಂಗಾಣಿ ಸಿಂಕ್ ಫೋಟೋದಲ್ಲಿ ಚೆಂದ. ಆದರೆ ಒಮ್ಮೆ ಎಡವಟ್ಟಾದರೆ ಸ್ಟೀಲನ್ನು 24 ಗಂಟೆ ಬಿಸಿ ತಾಕಿಸದೆ ಬಿಟ್ಟು, ಕುದಿನೀರು ಸುರಿದು ಸರಿಮಾಡಬಹುದು. ಪಿಂಗಾಣಿಗೆ ಆ ಭಾಗ್ಯ ಇಲ್ಲ.

ದೊಡ್ಡ ಕುಟುಂಬದವರು ಊಟದ ಕೋಣೆಯ ಹತ್ತಿರ ಮೂರನೆಯದೊಂದು ಪುಟ್ಟ ಕೈತೊಳೆಯುವ ಸಿಂಕ್ ಕೇಳಬಹುದು. ಬ್ರೆಡ್ ತಿನ್ನುವ ಮೊದಲು ಎರಡು ಹಿಡಿಯ ಚೊಂಬಿನಲ್ಲಿ ಶಾಸ್ತ್ರಕ್ಕೆ ಕೈ ತೊಳೆಯುತ್ತಾರೆ, ಬ್ರೆಡ್ ಬಾಯಿಗಿಡುವ ತನಕ ಮಾತಾಡುವುದಿಲ್ಲ. ಶುಕ್ರವಾರ ರಾತ್ರಿ ಹನ್ನೆರಡು ಜನ ನೆಂಟರು ಮಾತಿಲ್ಲದೆ ಅಡುಗೆಮನೆಯಲ್ಲಿ ಸಾಲು ನಿಂತಿರುವುದನ್ನು ನೋಡಿದ ಮೇಲೆ ನಾನೇ ಕೇಳಲು ಶುರುಮಾಡಿದೆ.

ಎಷ್ಟು ಅಡಿ ಬೇಕು?

ಸುಮ್ನೆ ಕಣ್ಣಂದಾಜು ಬೇಡ. ಇಂಚು ಕೂಡಿಸೋಣ. ಅಮೆರಿಕದಲ್ಲಿ ಸಿಂಕಿನ ಒಂದು ಪಕ್ಕ 24 ಇಂಚು, ಇನ್ನೊಂದು ಪಕ್ಕ 18 ಇಂಚು ಕಟ್ಟೆ ಬಿಡುವುದು ರೂಢಿ. ಮಾಂಸದ ಸಿಂಕ್ 33, ಅಕ್ಕಪಕ್ಕ 24 ಮತ್ತು 18. ಅಲ್ಲಿಗೆ 75 ಇಂಚು. ಡಿಶ್‌ವಾಷರ್ 24 ಇಂಚೇ ಇರುವುದರಿಂದ ಆ ಪಕ್ಕದ ಕಟ್ಟೆಯ ಕೆಳಗೇ ಕೂರುತ್ತದೆ. ಹಾಲಿನ ಸಿಂಕ್ 24, ಮತ್ತೆ 24 ಮತ್ತು 18, ಒಟ್ಟು 66. ಒಲೆ 36, ಅಕ್ಕಪಕ್ಕ 15 ಮತ್ತು 12, ಒಟ್ಟು 63. ಫ್ರಿಜ್ 36, ಬಾಗಿಲ ಹತ್ತಿರ ಸಾಮಾನು ಇಡಲು 15, ಒಟ್ಟು 51. ಎಲ್ಲ ಸೇರಿ 255 ಇಂಚು. ಅಂದರೆ 21 ಅಡಿಗೆ ಸ್ವಲ್ಪ ಜಾಸ್ತಿ, ಮೂಲೆಗಳನ್ನು ಬಿಟ್ಟು.

ಈ 21 ಅಡಿ ಕೈಯಲ್ಲಿಟ್ಟುಕೊಂಡು ಆಕಾರ ಹುಡುಕಿ.

ಎಲ್ ಆಕಾರದಲ್ಲಿ ಹತ್ತು ಅಡಿಯ ಎರಡು ಗೋಡೆ ಸಿಕ್ಕರೂ ಎರಡೂ ಗೋಡೆಯಲ್ಲಿ ಮೂಲೆ ತಿಂದು ಉಳಿಯುವುದು ಸುಮಾರು 16 ಅಡಿ. ಸಾಲುವುದಿಲ್ಲ. ಹಾಗಾಗಿ ಎಲ್ ಆಕಾರ ಅಂದರೆ ಒಂದೂವರೆ ಸಿಂಕ್, ಒಂದು ಡಿಶ್‌ವಾಷರ್. ಮೂಲೆಯೇ ಗಡಿ. ಒಂದು ಗೋಡೆ ಮಾಂಸಕ್ಕೆ, ಇನ್ನೊಂದು ಹಾಲಿಗೆ. ಗಡಿ ಕಣ್ಣಿಗೆ ಕಾಣುತ್ತದೆ, ಅದು ಇದರ ದೊಡ್ಡ ಗುಣ.

ಎದುರುಬದುರು ಎರಡು ಕಟ್ಟೆಯ ಉದ್ದನೆ ಅಡುಗೆಮನೆಯನ್ನು ಜನ ಇಕ್ಕಟ್ಟು ಅಂತ ಬೈಯುತ್ತಾರೆ. ಕೋಷರ್‌ಗೆ ನನಗೆ ಅದೇ ತುಂಬಾ ಇಷ್ಟ. ಎಡಗಡೆ ಮಾಂಸ, ಬಲಗಡೆ ಹಾಲು. ಮಕ್ಕಳಿಗೂ ಹೇಳಿಕೊಡುವುದು ಸುಲಭ. ನಡುವಿನ ದಾರಿ 42 ಇಂಚು ಇರಬೇಕು, ಇಬ್ಬರು ಅಡುಗೆ ಮಾಡುವವರಾದರೆ 48. ತೊಂದರೆ ಒಲೆಯದು. ಅದು ಒಂದೇ ಕಡೆ ಕೂರುತ್ತದೆ. ಮಾಂಸದ ಕಡೆ ಕೂರಿಸಿದರೆ ಬಿಸಿ ಹಾಲಿನ ಪಾತ್ರೆ ಹಿಡಿದು ದಾರಿ ದಾಟಬೇಕು. ಹಾಗಾಗಿ ಒಲೆಯ ಒಂದು ಪಕ್ಕ 12 ಇಂಚಾದರೂ ಜಾಗ ಹಾಲಿನದು ಅಂತ ಬಿಟ್ಟು, ಅಲ್ಲೊಂದು ಬೇರೆ ಬಣ್ಣದ ಕಲ್ಲಿನ ತುಂಡು ಕೂರಿಸುತ್ತೇನೆ.

ಯು ಆಕಾರ ಸಿಕ್ಕರೆ ಜಾಸ್ತಿ ಯೋಚನೆ ಬೇಡ. ಒಲೆ ನಡುಗೋಡೆಗೆ, ಆ ತೋಳು ಮಾಂಸ, ಈ ತೋಳು ಹಾಲು. ಅವರಿಗೂ ಆರಾಮ, ನಿಮಗೂ ಆರಾಮ.

ಈಗ ಎಲ್ಲರಿಗೂ ಬೇಕಾಗಿರುವುದು ಐಲ್ಯಾಂಡ್, ಅಂದರೆ ನಡುವೆ ನಿಂತ ಕಟ್ಟೆ. ಮಾಂಸ ಐಲ್ಯಾಂಡಿಗೋ, ಹಾಲು ಐಲ್ಯಾಂಡಿಗೋ? ಕೇಳುವ ಮೊದಲು ಆ ಮನೆಯ ಬೆಳಗು ಹೇಗಿರುತ್ತೆ ಅಂತ ನೋಡಿ. ಮಕ್ಕಳು ಸ್ಟೂಲ್ ಎಳೆದುಕೊಂಡು ಸೀರಿಯಲ್‌ಗೆ ಹಾಲು ಸುರಿಯುವುದು ಐಲ್ಯಾಂಡಿನ ಮೇಲೆ. ಸುರಿಯುವುದು ಏನು ಬಂತು, ಚೆಲ್ಲುವುದು. ಮಕ್ಕಳಿರುವ ಮನೆಯಲ್ಲಿ ಐಲ್ಯಾಂಡ್ ಹಾಲಿಗೆ, ಗೋಡೆಯ ಉದ್ದನೆ ಕಟ್ಟೆ ಮಾಂಸಕ್ಕೆ. ಮಕ್ಕಳು ದೊಡ್ಡವರಾಗಿ ಹೋಗಿರುವ, ಹಬ್ಬಕ್ಕೆ ಮೂವತ್ತು ಜನ ಸೇರುವ ಮನೆಯಲ್ಲಿ ಇದನ್ನು ತಿರುಗಿಸಿ. ದೊಡ್ಡ ಟ್ರೇ ಇಳಿಸಲು, ಮಾಂಸ ಕೊಯ್ಯಲು ಅಲ್ಲೇ ಜಾಗ. ಐಲ್ಯಾಂಡಿಗೆ ಸಿಂಕ್ ಕೊಡುವಾಗ ಕೆಳಗೇನಿದೆ ಅಂತ ಕೇಳಿ. ನೆಲಮಾಳಿಗೆ ಇದ್ದರೆ ಪೈಪು ಎಳೆಯುವುದು ಸಲೀಸು. ಕಾಂಕ್ರೀಟ್ ಹಾಸಾದರೆ ಒಡೆಯಬೇಕು, ಆಗ ಆಸೆ ತಾನಾಗೇ ಇಳಿಯುತ್ತದೆ.

ಒಲೆ, ಓವನ್, ಡಿಶ್‌ವಾಷರ್

ಗ್ಯಾಸ್ ಒಲೆ ಒಂದೇ ಸಾಕು. ಬೆಂಕಿ ಬರ್ನರ್‌ನ ಜಾಲರಿಯನ್ನು ಸುಡುತ್ತಲೇ ಇರುತ್ತದೆ ಅನ್ನುವ ಕಾರಣಕ್ಕೆ ಹೆಚ್ಚಿನ ಮನೆಗಳಲ್ಲಿ ಅದೇ ಬರ್ನರ್ ಎರಡಕ್ಕೂ ನಡೆಯುತ್ತದೆ, ಒಂದೇ ಹೊತ್ತಿಗೆ ಪಕ್ಕಪಕ್ಕ ಇಡುವುದಿಲ್ಲ ಅಷ್ಟೇ. ಉಕ್ಕಿ ಪಕ್ಕದ ಪಾತ್ರೆಗೆ ಸಿಡಿದರೆ ತಲೆನೋವು. 36 ಇಂಚಿನ ಆರು ಬರ್ನರ್ ಒಲೆಯಾದರೆ ಎಡಗಡೆ ನಾಲ್ಕು, ಬಲಗಡೆ ಎರಡು ಅಂತ ಹಂಚಿಕೊಳ್ಳುತ್ತಾರೆ. ಗಾಜಿನ ಮೇಲ್ಮೈಯ ವಿದ್ಯುತ್ ಒಲೆ ನೋಡಲು ಸಪಾಟು, ಒರೆಸಲು ಸುಲಭ. ಆದರೆ ಉಕ್ಕಿದ ರಸ ಬಿಸಿ ಗಾಜಿನ ಮೇಲೆ ಹರಿದು ಎಲ್ಲೆಲ್ಲೋ ಹೋಗುತ್ತದೆ, ಗಾಜಿನ ಎಲ್ಲ ಭಾಗವೂ ಸುಡುವಷ್ಟು ಕಾಯುವುದಿಲ್ಲ. ಇಂಡಕ್ಷನ್‌ಗೂ ಇದೇ ಪಾಡು. ಆಯ್ಕೆ ಇದ್ದರೆ ಗ್ಯಾಸ್.

ಓವನ್ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸುವುದಿಲ್ಲ. ಎರಡನೇ ಓವನ್‌ಗೆ ಕೊಡುವ ದುಡ್ಡನ್ನು ಎರಡನೇ ಸಿಂಕಿಗೆ ಕೊಡಿ. ಹಾಲಿನ ಕಡೆ ಬೇಯುವುದು ಪಿಜ್ಜಾ, ಚೀಸ್ ಟೋಸ್ಟ್, ಅಪರೂಪಕ್ಕೊಂದು ಚೀಸ್ ಕೇಕ್. ಅದಕ್ಕೆ ಕಟ್ಟೆಯ ಮೇಲಿಡುವ ಟೋಸ್ಟರ್ ಓವನ್ ಸಾಕು. ಮೈಕ್ರೋವೇವ್ ಕೂಡ ಹಾಗೆ, ಎರಡು ಪುಟ್ಟ ಪೆಟ್ಟಿಗೆ ಇಟ್ಟರೆ ಮುಗಿಯಿತು. ದೊಡ್ಡ ಓವನ್ ಒಂದೇ ಇದ್ದರೆ ಅದನ್ನು ಮಾಂಸಕ್ಕೆ ಅಂತ ಇಟ್ಟುಬಿಡುತ್ತಾರೆ. ತಾನೇ ಸ್ವಚ್ಛಮಾಡಿಕೊಳ್ಳುವ ಬಗೆಯದು ತೆಗೆದುಕೊಂಡರೆ ಒಳಗೆ ಸುಮಾರು 480 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತದೆ, ಎಡವಟ್ಟಾದರೆ ಅದೇ ಪರಿಹಾರ. ಗೋಡೆಗೆ ಒಂದರ ಮೇಲೊಂದು ಎರಡು ಓವನ್ ಹಾಕಿಸಿಕೊಂಡವರು ಏನು ಮಾಡುತ್ತಾರೆ ಗೊತ್ತಾ? ಗುರುವಾರ ರಾತ್ರಿ ಹೋಗಿ ನೋಡಿ. ಎರಡರಲ್ಲೂ ಶಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ ಕೋಳಿ, ಕುಗೆಲ್ ಅನ್ನುವ ಓವನ್ ಅಡುಗೆ, ಖಲ್ಲಾ ಬ್ರೆಡ್. ಹಾಲಿನ ಓವನ್ ಅಂತ ತಂದದ್ದು ವಾರದ ಮುಖ್ಯ ಅಡುಗೆಗೇ ಸೇರಿಹೋಗಿರುತ್ತದೆ.

ಒಂದೇ ಡಿಶ್‌ವಾಷರ್ ಎರಡಕ್ಕೂ ಆಗುತ್ತಾ? ಇಲ್ಲಿ ಒಮ್ಮತ ಇಲ್ಲ. ನ್ಯೂಯಾರ್ಕಿನ ದೊಡ್ಡ ರಬ್ಬಿ (ಯಹೂದಿ ಧರ್ಮಗುರು) ಮೋಶೆ ಫೈನ್‌ಸ್ಟೈನ್ ಅವರು ಬೇರೆ ಬೇರೆ ರ‍್ಯಾಕ್ ಇಟ್ಟು, ಒಂದಾದ ಮೇಲೊಂದರಂತೆ, ನಡುವೆ ಖಾಲಿ ಓಡಿಸಿ ಬಳಸಬಹುದು ಅಂದಿದ್ದರು. ಬೇಡವೇ ಬೇಡ ಅನ್ನುವವರೂ ಇದ್ದಾರೆ. ಹಾಗಾಗಿ ಡ್ರಾಯಿಂಗ್ ಮಾಡುವ ನೀವು ತೀರ್ಪು ಕೊಡಬೇಡಿ. ಮನೆಯವರ ರಬ್ಬಿ ಏನಂತಾರೆ ಕೇಳಿ. ಎರಡು ಇಡಲು 48 ಇಂಚು ಇಲ್ಲದಿದ್ದರೆ ಹಾಲಿಗೆ 18 ಇಂಚಿನ ತೆಳ್ಳನೆಯದು ಸಿಗುತ್ತದೆ. ಫಿಶರ್ ಅಂಡ್ ಪೇಕೆಲ್ ಕಂಪನಿಯ ಡ್ರಾಯರ್ ಥರದ್ದೂ ಇದೆ. ಮೇಲೊಂದು, ಕೆಳಗೊಂದು, ಬೇರೆ ಬೇರೆ ಓಡುತ್ತವೆ. ಅದನ್ನು ಎರಡು ಯಂತ್ರ ಅಂತ ಲೆಕ್ಕ ಹಿಡಿಯಬಹುದಾ ಅನ್ನುವುದೂ ರಬ್ಬಿಯನ್ನು ಕೇಳಬೇಕಾದ ಪ್ರಶ್ನೆಯೇ. ಒಂದೇ ಡಿಶ್‌ವಾಷರ್ ಇರುವ ಬಹಳಷ್ಟು ಮನೆಯವರು ಅದನ್ನು ಮಾಂಸಕ್ಕಿಟ್ಟು, ಹಾಲಿನ ನಾಲ್ಕು ಬಟ್ಟಲನ್ನು ಕೈಯಲ್ಲೇ ತೊಳೆದುಕೊಳ್ಳುತ್ತಾರೆ.

ಫ್ರಿಜ್ ಒಂದೇ ಸಾಕು. ತಣ್ಣಗಿರುವ ಜಾಗ. ಸೋರದಂತೆ ಮುಚ್ಚಿಟ್ಟು, ಒಳಗಿನ ಶೆಲ್ಫ್ ಹಂಚಿಕೊಂಡರೆ ಆಯಿತು. ಕಸದ ಡಬ್ಬವೂ ಒಂದೇ ಸಾಕು. ಒಬ್ಬ ಹೊಸ ಹುಡುಗ ಅದನ್ನೂ ಎರಡು ಬರೆದಿದ್ದ. ಮೂಳೆ, ಮೊಸರಿನ ಡಬ್ಬಿ ಕಸದಲ್ಲಿ ಸೇರಿದರೆ ಯಾರೂ ತಿನ್ನೋದಿಲ್ವಲ್ಲ!

ಕಟ್ಟೆಯ ಕಲ್ಲು

ಗ್ರಾನೈಟ್. ಬೇರೆ ಯೋಚನೆ ಮಾಡುವ ಮೊದಲು ಗ್ರಾನೈಟ್. ಅದು ಬರೀ ಕಲ್ಲು. ಕುದಿನೀರು ಸುರಿದು ಕೋಷರ್ ಮಾಡಬಹುದು. ಕ್ವಾರ್ಟ್ಜ್ ಅನ್ನುವುದು ಕಲ್ಲಿನ ಪುಡಿಗೆ ಅಂಟು ಸೇರಿಸಿ ಮಾಡಿದ ಹಲಗೆ. ಆ ಅಂಟಿನಿಂದಾಗಿ ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ತಮಾಷೆ ಅಂದರೆ ಕ್ವಾರ್ಟ್ಜ್ ಹಲಗೆಯಲ್ಲಿ ಹೆಸರಾದ ಸೀಸರ್‌ಸ್ಟೋನ್ ಇಸ್ರೇಲಿನದೇ ಕಂಪನಿ, 1987ರಲ್ಲಿ ಸ್ದೋತ್ ಯಾಮ್ ಎಂಬ ಕಿಬ್ಬುತ್ಸಿನಲ್ಲಿ, ಅಂದರೆ ಎಲ್ಲರೂ ಒಟ್ಟಾಗಿ ದುಡಿದು ಬಾಳುವ ಹಳ್ಳಿಯಲ್ಲಿ, ಶುರುವಾದದ್ದು. ಲ್ಯಾಮಿನೇಟ್ ಅಗ್ಗ, ಆದರೆ ಕುದಿನೀರಿನ ಆಟ ಅದರ ಹತ್ತಿರ ನಡೆಯುವುದಿಲ್ಲ. ಮೇಲೆ ಏನಾದರೂ ಹಾಸಿಕೊಂಡೇ ಬದುಕಬೇಕು. ಪಾತ್ರೆಗಳ ಮಾತು ಬಂದರೆ, ಗಾಜು ರುಚಿ ಹೀರುವುದಿಲ್ಲ ಅಂತ ಸ್ಪೇನ್, ಅರಬ್ ದೇಶಗಳ ಮೂಲದ ಸೆಫಾರ್ದಿ ಮನೆಗಳಲ್ಲಿ ಅದಕ್ಕೆ ಸಲೀಸು. ಪೂರ್ವ ಯುರೋಪಿನ ಕಡೆಯ ಅಶ್ಕನಾಜಿಗಳು ಅಷ್ಟು ಸಲೀಸಾಗಿ ಬಿಡುವುದಿಲ್ಲ. ಮನೆಯವರು ಯಾವ ಪರಂಪರೆ ಅಂತ ಮೊದಲೇ ಕೇಳಿಕೊಂಡರೆ ಗಾಜಿನ ಸಾಮಾನಿಗೆ ಒಂದು ಕಪಾಟೋ ಎರಡೋ ಅನ್ನುವುದು ಗೊತ್ತಾಗುತ್ತದೆ.

ಈರುಳ್ಳಿ ಎಲ್ಲೂ ಸುಮ್ಮನಿರಲ್ಲ

ನಮ್ಮ ಮಡಿ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಒಳಗೇ ಬರುವುದಿಲ್ಲ. ಕೋಷರ್ ಅಡುಗೆಮನೆಗೆ ಬರುತ್ತವೆ, ಬಂದು ತಕರಾರು ಎಬ್ಬಿಸುತ್ತವೆ. ಖಾರದ ಘಾಟು ಇರುವ ಪದಾರ್ಥ ತಣ್ಣಗಿದ್ದರೂ ಚಾಕುವಿನಲ್ಲಿರುವ ರುಚಿ ಎಳೆದುಕೊಳ್ಳುತ್ತದೆ ಅನ್ನುವುದು ನಿಯಮ. ಮಾಂಸದ ಚಾಕುವಿನಲ್ಲಿ ಹೆಚ್ಚಿದ ಈರುಳ್ಳಿಯನ್ನು ಆಮೇಲೆ ಚೀಸ್ ಆಮ್ಲೆಟ್ಟಿಗೆ ಹಾಕುವಂತಿಲ್ಲ. ಹಾಗಾಗಿ ಮೂರನೆಯ ಜಾಗ ಬೇಕು: ಪಾರ್ವ್. 24 ಇಂಚು ಕಟ್ಟೆ, ಕೆಳಗೆ ಒಂದು ಡ್ರಾಯರ್, ಅದರಲ್ಲಿ ಬೇರೆ ಚಾಕು, ಬೇರೆ ಹಲಗೆ. ಮಾಂಸಕ್ಕೆ ಕೆಂಪು, ಹಾಲಿಗೆ ನೀಲಿ, ಪಾರ್ವ್‌ಗೆ ಹಸಿರು ಅಂತ ಬಣ್ಣ ಹಚ್ಚಿಕೊಳ್ಳುವುದು ರೂಢಿ. ಒಂದು ಮನೆಯಲ್ಲಿ ನಾನು ಕೂರಿಸಿದ ಚೆಂದದ ಹಿತ್ತಾಳೆ ಹಿಡಿಗಳ ಮೇಲೆಲ್ಲ ವಾರದೊಳಗೆ ಕೆಂಪು ನೀಲಿ ಸ್ಟಿಕ್ಕರು ಅಂಟಿದ್ದವು. ಆಗ ಬೇಜಾರಾಗಿತ್ತು. ಈಗ ನಾನೇ ಮೊದಲೇ ಹೇಳುತ್ತೇನೆ, ಎರಡೂ ಕಡೆ ಬೇರೆ ಆಕಾರದ ಹಿಡಿ ಹಾಕಿಸಿ, ಕತ್ತಲಲ್ಲೂ ಕೈಗೆ ಗೊತ್ತಾಗಲಿ ಅಂತ.

ಈ ಪಾರ್ವ್ ಜಾಗದ ಮೇಲೆ ಒಳ್ಳೆ ಬೆಳಕು ಕೊಡಿ. ಸೊಪ್ಪು, ಬ್ರೊಕೊಲಿ, ಹೂಕೋಸಿನಲ್ಲಿ ಹುಳ ಇದ್ದರೆ ಕೋಷರ್ ಅಲ್ಲ. ಎಲೆ ಎಲೆ ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಾರೆ. ಮೇಲಿನ ಕಪಾಟಿನ ತಳಕ್ಕೆ ಬಿಳಿ ಎಲ್‌ಇಡಿ ಪಟ್ಟಿ. ಹಳದಿ ಬೆಳಕು ರೊಮ್ಯಾಂಟಿಕ್ಕು, ಹುಳ ಹುಡುಕಲು ಅಲ್ಲ.

ಶಬ್ಬತ್ತಿನ ಮೂಲೆ

ಇದನ್ನು ಮರೆತೇ ನಾನು ಎರಡನೇ ಸಲ ಬೈಸಿಕೊಂಡದ್ದು. ಶುಕ್ರವಾರ ಸೂರ್ಯ ಮುಳುಗುವ ಸ್ವಲ್ಪ ಮೊದಲಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವ ತನಕ, ಸುಮಾರು 25 ಗಂಟೆ, ಬೆಂಕಿ ಹಚ್ಚುವಂತಿಲ್ಲ, ಅಡುಗೆ ಮಾಡುವಂತಿಲ್ಲ, ಸ್ವಿಚ್ ಮುಟ್ಟುವಂತಿಲ್ಲ. ಮೊದಲೇ ಮಾಡಿಟ್ಟ ಅಡುಗೆ ಬಿಸಿಯಾಗಿಯೇ ಇರಬೇಕು. ಅದಕ್ಕೆ ಮೂರು ದಾರಿ. ಒಲೆಯ ಸಣ್ಣ ಉರಿಯ ಮೇಲೆ ಲೋಹದ ಹಾಳೆ ಮುಚ್ಚಿ ಅದರ ಮೇಲೆ ಪಾತ್ರೆ ಇಡುವುದು, ಇದಕ್ಕೆ ಬ್ಲೆಖ್ ಅನ್ನುತ್ತಾರೆ. ಇಲ್ಲವೇ ಪ್ಲಾಟಾ ಅನ್ನುವ ವಿದ್ಯುತ್ ಹಾಟ್‌ಪ್ಲೇಟ್. ಇಲ್ಲವೇ ಚೋಲೆಂಟ್ ಅನ್ನುವ ಮಾಂಸ, ಕಾಳಿನ ಅಡುಗೆ ರಾತ್ರಿಯಿಡೀ ಬೇಯುವ ನಿಧಾನದ ಕುಕ್ಕರ್. ಜೊತೆಗೆ ಕಾಫಿ, ಟೀ ನೀರಿಗೆ ಅರ್ನ್ ಅನ್ನುವ ದೊಡ್ಡ ವಿದ್ಯುತ್ ಪಾತ್ರೆ.

ನಾನು ಒಂದು ಮನೆಗೆ ಚೆಂದದ ಮೂಲೆ ಮಾಡಿಕೊಟ್ಟೆ. ಪ್ಲಾಟಾಗೆ ಕಲ್ಲಿನ ಗೂಡು, ಪಕ್ಕದಲ್ಲಿ ಅರ್ನ್. ಎರಡಕ್ಕೂ ಬೇರೆ ಬೇರೆ ಪ್ಲಗ್ ಪಾಯಿಂಟ್. ಆದರೆ ಎರಡೂ ಗೋಡೆಯೊಳಗೆ ಒಂದೇ ಸರ್ಕಿಟ್. ಇಲ್ಲಿ 20 ಆಂಪಿಯರ್, 120 ವೋಲ್ಟ್. ಅಂದರೆ 2400 ವ್ಯಾಟ್. ಅರ್ನ್ 1500, ಪ್ಲಾಟಾ 1200. ಕೂಡಿಸಿ ನೋಡಿ. ಒಂದು ಕಾದು ಇನ್ನೊಂದು ಸುಮ್ಮನಿದ್ದಾಗ ಏನೂ ಆಗುವುದಿಲ್ಲ. ಶುಕ್ರವಾರ ರಾತ್ರಿ ಎರಡೂ ಒಟ್ಟಿಗೆ ಕಾಯಲು ಶುರುಮಾಡಿದವು, ಬ್ರೇಕರ್ ಬಿತ್ತು. ನಾವಾದರೆ ಹೋಗಿ ಮೇಲಕ್ಕೆ ಎತ್ತುತ್ತೇವೆ. ಅವರು ಎತ್ತುವಂತಿಲ್ಲ. ಒಂಬತ್ತು ಜನ ನೆಂಟರು ಶನಿವಾರ ಮಧ್ಯಾಹ್ನ ತಣ್ಣಗಿನ ಕೋಳಿ ತಿಂದರಂತೆ. ಭಾನುವಾರ ಬೆಳಗ್ಗೆ ಎಂಟಕ್ಕೆ ನನಗೆ ಫೋನ್. ಆವತ್ತಿನಿಂದ ಶಬ್ಬತ್ ಮೂಲೆಗೆ ಎರಡು ಪ್ರತ್ಯೇಕ ಸರ್ಕಿಟ್, ಡ್ರಾಯಿಂಗಿನಲ್ಲೇ ಬರೆದು ಕಳಿಸುತ್ತೇನೆ.

ಬ್ಲೆಖೋ ಪ್ಲಾಟಾವೋ ಅನ್ನುವುದನ್ನು ಮನೆಯವರು ಆರಿಸಲಿ. ಮೂಲೆ ಎಲ್ಲಿ ಅನ್ನುವುದನ್ನು ಮಾತ್ರ ನೀವು ಗಟ್ಟಿಯಾಗಿ ಹೇಳಿ. ಮೇಲೆ ಮರದ ಕಪಾಟು ಬೇಡ, ಪಕ್ಕದಲ್ಲಿ ಪರದೆ ಬೇಡ, ಹಿಂದೆ ಕಲ್ಲೋ ಟೈಲೋ ಇರಲಿ, ಓಡಾಡುವ ಮಕ್ಕಳ ಕೈಗೆ ವೈರು ಸಿಗದಿರಲಿ. 2015ರ ಮಾರ್ಚಿನಲ್ಲಿ ಬ್ರೂಕ್ಲಿನ್‌ನ ಮಿಡ್‌ವುಡ್‌ನಲ್ಲಿ ಶಬ್ಬತ್ತಿಗೆಂದು ಹಚ್ಚಿಟ್ಟ ಹಾಟ್‌ಪ್ಲೇಟಿನಿಂದ ಬೆಂಕಿ ಎದ್ದು ಒಂದೇ ಮನೆಯ 7 ಮಕ್ಕಳು ತೀರಿಕೊಂಡರು. ಹೊಗೆಯ ಅಲಾರ್ಮ್ ಇದ್ದದ್ದು ನೆಲಮಾಳಿಗೆಯಲ್ಲಿ ಮಾತ್ರ. ಅಡುಗೆಮನೆ ಇರುವ ಅಂತಸ್ತಿಗೂ ಮಲಗುವ ಅಂತಸ್ತಿಗೂ ಅಲಾರ್ಮ್ ಗುರುತು ಹಾಕದೆ ನಾನು ಯಾವ ಡ್ರಾಯಿಂಗನ್ನೂ ಬಿಡುವುದಿಲ್ಲ.

ಫ್ರಿಜ್, ಓವನ್ ಕೊಳ್ಳುವಾಗ ಶಬ್ಬತ್ ಮೋಡ್ ಇದೆಯಾ ನೋಡಿ. ಆ ಮೋಡಿನಲ್ಲಿ ಬಾಗಿಲು ತೆಗೆದರೆ ದೀಪ ಹತ್ತುವುದಿಲ್ಲ. ಹನ್ನೆರಡು ಗಂಟೆ ಕಾಲ ಉರಿದ ಮೇಲೆ ತಾನೇ ಆರಿಹೋಗುವ ಓವನ್ ಆರುವುದಿಲ್ಲ. ಬಾಗಿಲು ತೆಗೆದರೆ ದೀಪ ಹತ್ತುವ ಉಗ್ರಾಣದ ಕಪಾಟು ಈಗಿನ ಫ್ಯಾಷನ್ನು. ಈ ಮನೆಗಳಿಗೆ ಅದು ಬೇಡವೇ ಬೇಡ.

ಪೆಸಾಖ್ ಸಾಮಾನು

ವರ್ಷಕ್ಕೊಮ್ಮೆ ಪೆಸಾಖ್ ಹಬ್ಬ, 8 ದಿನ, ಇಸ್ರೇಲಿನಲ್ಲಿ 7. ಆಗ ಹುದುಗಿದ ಹಿಟ್ಟಿನ ಸೋಂಕಿಲ್ಲದ ಬೇರೆ ಪಾತ್ರೆಗಳೇ ಬೇಕು. ಅದರಲ್ಲೂ ಮಾಂಸದ್ದು ಬೇರೆ, ಹಾಲಿನದು ಬೇರೆ. ಒಟ್ಟು ನಾಲ್ಕು ಸಂಸಾರದ ಪಾತ್ರೆ ಅನ್ನಿ. ಅನುಕೂಲ ಇರುವವರು ನೆಲಮಾಳಿಗೆಯಲ್ಲಿ ಪೆಸಾಖ್‌ಗೇ ಇನ್ನೊಂದು ಅಡುಗೆಮನೆ ಕಟ್ಟಿಕೊಳ್ಳುತ್ತಾರೆ. ಉಳಿದವರಿಗೆ ಚಾವಣಿ ಮುಟ್ಟುವ ಎರಡನೇ ಸಾಲಿನ ಕಪಾಟು ಸಾಕು. ಏಣಿ ಹತ್ತಿ ವರ್ಷಕ್ಕೊಮ್ಮೆ ಇಳಿಸಿದರೆ ಆಯಿತು. ಅದಕ್ಕೊಂದು ಬೀಗ ಹಾಕಿಸಿ. ಗ್ಯಾರೇಜಿನಲ್ಲಿ ಪೆಟ್ಟಿಗೆ ಇಡುವುದು ಅಗ್ಗ, ಆದರೆ ಚಳಿಗಾಲದ ಇಲಿಗಳಿಗೆ ಹಬ್ಬದ ತಾರೀಖು ಗೊತ್ತಿಲ್ಲ.

ಆ 8 ದಿನ ಕಟ್ಟೆಗಳನ್ನೂ ಮುಚ್ಚುವವರು ಬಹಳ. ಕೊರುಗೇಟೆಡ್ ಪ್ಲಾಸ್ಟಿಕ್ ಹಾಳೆಯನ್ನು ಕಟ್ಟೆಯ ಅಳತೆಗೆ, ಸಿಂಕಿನ ತೂತಿನ ಸಮೇತ ಕತ್ತರಿಸಿ ಕೂರಿಸುತ್ತಾರೆ. ಹಬ್ಬದ ಹಿಂದಿನ ವಾರ ಟೇಪು ಹಿಡಿದು ಮೂಲೆ ಮೂಲೆ ಅಳೆಯುವ ಗೋಳು ನೋಡಲಾಗದು. ಕಲ್ಲು ಕೊಯ್ಯುವವರು ಮೊದಲೇ ಒಂದು ಅಳತೆಯ ಟೆಂಪ್ಲೇಟ್ ಮಾಡಿರುತ್ತಾರಲ್ಲ, ಅದನ್ನು ಎಸೆಯಲು ಬಿಡಬೇಡಿ. ಅದರ ಡ್ರಾಯಿಂಗ್ ಒಂದು ಪ್ರತಿ ಮನೆಯವರ ಕೈಗೆ ಕೊಡಿ. ಇದನ್ನು ಹೇಳಿದಾಗ ಅಕ್ಕನ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅದನ್ನೂ ನಾನೇ ಮಾಡ್ಬೇಕಾ ಚಿಕ್ಕಮ್ಮಾ?"

ಮತ್ತಿನ್ಯಾರು ಮಾಡ್ತಾರೋ ಅಂದೆ.